ಕಾಗದ ಇಲ್ಲದೆ ಬಂದ ಗಿಡಗಳು

ಕಳೆದ ಸಲ ಊರಿಂದ ಹೊರಡುವಾಗ ಅಮ್ಮ ಕರಿಬೇವಿನ ಒಂದು ಪುಟ್ಟ ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟಿದ್ದಳು. ಇಲ್ಲಿ ವಿಮಾನ ನಿಲ್ದಾಣದಲ್ಲಿ ನಾನೇ ತೋರಿಸಿದೆ, ತೆಗೆದುಕೊಂಡರು. ದಂಡ ಬೀಳಲಿಲ್ಲ, ಅಷ್ಟೇ ಪುಣ್ಯ. ಕರಿಬೇವಿನ ಮೇಲೆ ಕೂರುವ ಒಂದು ಸಣ್ಣ ಹುಳು ಕಿತ್ತಳೆ, ನಿಂಬೆಗೆ ರೋಗ ಹಬ್ಬಿಸುತ್ತದಂತೆ. ಫ್ಲೋರಿಡಾದ ಕಿತ್ತಳೆ ತೋಟಗಳು ಆ ರೋಗದಿಂದಲೇ ಹಾಳಾಗಿದ್ದು. ಹಾಗಾಗಿ ಅದು ನೇರ ಕಸಕ್ಕೆ.

ಕಿತ್ತುಕೊಂಡ ಎಲ್ಲಾ ಗಿಡಕ್ಕೂ ಇದೇ ಗತಿ ಅಂದುಕೊಂಡಿದ್ದೆ. ಹಾಗಲ್ಲ ಅಂತ ತಿಳಿದದ್ದು ವಾಷಿಂಗ್ಟನ್ನಿನ ಯು.ಎಸ್. ಬೊಟಾನಿಕ್ ಗಾರ್ಡನ್ನಿಗೆ ಹೋದಾಗ. ಕ್ಯಾಪಿಟಲ್ ಕಟ್ಟಡದ ಬುಡದಲ್ಲೇ ಇದೆ. ಇಲ್ಲಿನ ಸಂಸತ್ತು 1820ರಲ್ಲಿ ಶುರು ಮಾಡಿದ್ದು. ಹೈದರಾಲಿ ಹಾಕಿಸಿದ ನಮ್ಮ ಲಾಲ್‌ಬಾಗ್ ಇದಕ್ಕಿಂತ 60 ವರ್ಷ ದೊಡ್ಡದು, ಅಷ್ಟು ಹೆಮ್ಮೆ ಪಡೋಣ! ಗಾಜಿನ ಮನೆ 1933ರದ್ದು. ಜನವರಿ ಚಳಿಯಲ್ಲಿ ಒಳಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. ಒರೆಸಿಕೊಂಡು ನೋಡಿದರೆ ಬಾಳೆ, ಕಾಫಿ, ಕೋಕೋ.

ನಾನು ಲೆಕ್ಕ ಬರೆಯುವವನು. ನನ್ನ ಕಣ್ಣು ಹೋದದ್ದು ಗಿಡದ ಬುಡದ ಪಟ್ಟಿಯ ಮೇಲೆ. ಪಾರ್ಕಿಗೂ ಸಸ್ಯತೋಟಕ್ಕೂ ವ್ಯತ್ಯಾಸ ಇರೋದೇ ಅಲ್ಲಿ. ತೋಟಕ್ಕೆ ಬಂದ ಗಿಡಕ್ಕೆ ಒಂದು ನಂಬರ್; ಎಲ್ಲಿಂದ, ಯಾವಾಗ, ಬೀಜವಾಗಿ ಬಂತೋ ಕಡ್ಡಿಯಾಗಿ ಬಂತೋ, ಎಲ್ಲ ರಿಜಿಸ್ಟರಿನಲ್ಲಿ. ಸತ್ತರೆ ಅದೂ ಎಂಟ್ರಿ. ಈ ದಾಖಲೆ ಇಲ್ಲದಿದ್ದರೆ ಎಷ್ಟೇ ಅಪರೂಪದ ಗಿಡವಾದರೂ ಸಂಶೋಧಕರಿಗೆ ಅರ್ಧ ಉಪಯೋಗ.

ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ 1973ರಲ್ಲಿ ಆದದ್ದೂ ಇದೇ ವಾಷಿಂಗ್ಟನ್ನಿನಲ್ಲಿ. ಅದರ ಪರ್ಮಿಟ್ ಇಲ್ಲದೆ ಬಂದ ಆರ್ಕಿಡ್, ಕಳ್ಳಿ, ಸೈಕಾಡ್ ಸಿಕ್ಕಿಬಿದ್ದರೆ ಎಸೆಯುವುದಿಲ್ಲ, ಇಂಥ ತೋಟಗಳಿಗೆ ಕಳಿಸುತ್ತಾರೆ. ಮೂಲ ದೇಶ ವಾಪಸ್ ಕೇಳಿದರೆ ಕೊಡಬೇಕು. ಕೇಳದಿದ್ದರೆ ಇಲ್ಲೇ ಇರುತ್ತವೆ, ನೀರು, ಬೆಳಕು, ಒಂದು ನಂಬರ್ ಪಡೆದು.

ಕಳ್ಳಸಾಗಣೆ ಹೊರದೇಶದ ಗಿಡಕ್ಕೆ ಮಾತ್ರ ಅಲ್ಲ. ಕ್ಯಾರೊಲಿನಾದಲ್ಲಿರುವವರು ವೀನಸ್ ಫ್ಲೈಟ್ರಾಪ್ ಕೇಳಿರುತ್ತೀರಿ, ನೊಣ ಹಿಡಿಯುವ ಗಿಡ. ಕಾಡಿನಲ್ಲಿ ತಾನಾಗಿ ಬೆಳೆಯುವುದು ಎರಡೂ ಕ್ಯಾರೊಲಿನಾಗಳ ಕರಾವಳಿ ಸೀಮೆಯಲ್ಲಿ ಮಾತ್ರ. ಕದ್ದು ಕೀಳುವವರು ಹೆಚ್ಚಾಗಿ, 2014ರಿಂದ ನಾರ್ತ್ ಕ್ಯಾರೊಲಿನಾದಲ್ಲಿ ಅದು ಗಂಭೀರ ಅಪರಾಧ. ಚಾಪೆಲ್ ಹಿಲ್ಲಿನ ಸಸ್ಯತೋಟದಲ್ಲಿ ಪುಕ್ಕಟೆ ನೋಡಬಹುದು. ಅಟ್ಲಾಂಟಾದ ತೋಟಕ್ಕೆ ಟಿಕೆಟ್ ಇದೆ. ವಾಷಿಂಗ್ಟನ್ನಿನದೂ ಪುಕ್ಕಟೆ; ಕಾರು ಬಿಟ್ಟು ಮೆಟ್ರೋದಲ್ಲಿ ಫೆಡರಲ್ ಸೆಂಟರ್ ಎಸ್.ಡಬ್ಲ್ಯು. ನಿಲ್ದಾಣದಲ್ಲಿ ಇಳಿಯಿರಿ.

ಕರಿಬೇವು ಆಮೇಲೆ ಇಲ್ಲೇ ನರ್ಸರಿಯಲ್ಲಿ ಕೊಂಡೆ, ಅಡುಗೆಮನೆ ಕಿಟಕಿ ಹತ್ತಿರ ಇದೆ. ವಿಡಿಯೋ ಕಾಲ್‌ನಲ್ಲಿ ಅಮ್ಮ ಪ್ರತಿ ಸಲ ಕೇಳುತ್ತಾಳೆ, "ನನ್ನ ಗಿಡ ತೋರ್ಸೋ". ತೋರಿಸುತ್ತೇನೆ.