ಬೀರುವಿನಲ್ಲಿಟ್ಟ ಬೂಟು

ಪೋಷಕರ ಸಭೆ ಮುಗಿದು ಎಲ್ಲರೂ ಹೋದ ಮೇಲೂ ಒಬ್ಬರು ಬಾಗಿಲ ಬಳಿ ನಿಂತೇ ಇದ್ದರು. ಎಲ್ಲೋ ನೋಡಿದ ಮುಖ. "ಗುರುತು ಸಿಗಲಿಲ್ವಾ ಸಾರ್? ನಾನು ನಿಮ್ಮ ಸ್ಟೂಡೆಂಟೇ" ಎಂದರು. ಆಗ ನೆನಪಾಯಿತು. 2003ರ ಸುಮಾರಿಗೆ ನಮ್ಮ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಫಾರ್ವರ್ಡ್ ಆಡುತ್ತಿದ್ದ ಹುಡುಗ. ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ನಲವತ್ತೊಂದು ಅಂಕ ಬಂದಾಗ ಅವನ ತಂದೆಯನ್ನು ಕರೆಸಿ, "ಪಬ್ಲಿಕ್ ಪರೀಕ್ಷೆ ಮುಗಿಯುವ ತನಕ ಬೂಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ" ಎಂದು ಹೇಳಿದವನು ನಾನೇ. ಅವರು ಹಾಗೇ ಮಾಡಿದರು. ಏಪ್ರಿಲ್‌ನಲ್ಲಿ ಬೂಟು ಹೊರಗೆ ಬಂದಾಗ ಹುಡುಗನ ಪಾದ ಬೆಳೆದುಬಿಟ್ಟಿತ್ತು. ಹೊಸದನ್ನು ಯಾರೂ ಕೊಡಿಸಲಿಲ್ಲ.

ಈಗ ಅವರ ಮಗ ನಮ್ಮಲ್ಲೇ ಒಂಬತ್ತನೆಯ ತರಗತಿ. ಜಿಲ್ಲಾ ಮಟ್ಟದ ಆಯ್ಕೆಗೆ ಹೋಗಬೇಕಂತೆ. ಅದೇ ದಿನ ನನ್ನ ಕಿರುಪರೀಕ್ಷೆ. "ಕಳಿಸಲಾ ಸಾರ್?" ಎಂದು ಕೇಳಿದರು. ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಹುಡುಗನ ಪ್ರಯೋಗದ ಪುಸ್ತಕ ತಿದ್ದಲು ನನ್ನ ಚೀಲದಲ್ಲೇ ಇತ್ತು. ಅದರ ರಟ್ಟಿನ ಒಳಬದಿಯಲ್ಲಿ ಸುನಿಲ್ ಚೆಟ್ರಿಯ ಚಿತ್ರ ಅಂಟಿಸಿದ್ದ.

ಚೆಟ್ರಿ ಹುಟ್ಟಿದ್ದು 1984ರ ಆಗಸ್ಟ್ 3ರಂದು, ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದಲ್ಲಿದ್ದವರು, ವರ್ಗವಾದಲ್ಲೆಲ್ಲ ಮಗನಿಗೆ ಹೊಸ ಶಾಲೆ. ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ಆಟದ ಬಲದಿಂದ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕರೆ ಸಾಕೆಂಬುದೇ ತಮ್ಮ ಆಗಿನ ಆಸೆಯಾಗಿತ್ತೆಂದು ಚೆಟ್ರಿ ಹೇಳಿಕೊಂಡಿದ್ದಾರೆ. ನಮ್ಮ ಮನೆಗಳ ಲೆಕ್ಕಾಚಾರಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ, ನೋಡಿ! 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗನ್ ಕ್ಲಬ್ ಕರೆಯಿತು. 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತಕ್ಕಾಗಿ ಮೊದಲ ಪಂದ್ಯ, ಅದರಲ್ಲೇ ಮೊದಲ ಗೋಲು.

ಆಮೇಲಿನ ದಾರಿ ನೇರವಾಗಿರಲಿಲ್ಲ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಅವರನ್ನು ಸೇರಿಸಿಕೊಳ್ಳಲು ಸಿದ್ಧವಿತ್ತು. ಆದರೆ ಬ್ರಿಟನ್ನಿನಲ್ಲಿ ಕೆಲಸದ ಪರವಾನಗಿ ಸಿಗಲಿಲ್ಲ. ಆಟಗಾರನ ದೇಶ ವಿಶ್ವ ಶ್ರೇಯಾಂಕದಲ್ಲಿ ಮೊದಲ 70ರೊಳಗೆ ಇರಬೇಕೆಂಬ ನಿಯಮ; ಭಾರತ ಅದರ ಹತ್ತಿರಕ್ಕೂ ಇರಲಿಲ್ಲ. ತನ್ನ ಅಂಕ ಸರಿಯಿದ್ದೂ ಶಾಲೆಯ ಫಲಿತಾಂಶ ಕೆಟ್ಟದೆಂದು ಸೀಟು ತಪ್ಪಿದ ಹಾಗೆ. 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಹೋದರು. ಹೆಚ್ಚು ಹೊತ್ತು ಕಳೆದದ್ದು ಬೆಂಚಿನ ಮೇಲೆ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡದಲ್ಲಿ ಆಡಿದ್ದು ಬೆರಳೆಣಿಕೆಯ ಪಂದ್ಯಗಳು.

ಎರಡೂ ಸಲ ವಾಪಸು ಬಂದವರಿಗೆ ಇಪ್ಪತ್ತೊಂಬತ್ತು ನಡೆಯುವಾಗ, 2013ರಲ್ಲಿ, ಬೆಂಗಳೂರಿನಲ್ಲಿ ಹೊಸ ಕ್ಲಬ್ಬೊಂದು ಹುಟ್ಟಿತು. ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಚೆಟ್ರಿಯ ನಾಯಕತ್ವದಲ್ಲಿ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿ, ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದು ಗೋಲಿನಿಂದ ಸೋತಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿಯವರ ಹಾಡು ಆ ವರ್ಷಗಳಲ್ಲೇ ಶುರುವಾದದ್ದು. ಒಮ್ಮೆ ಹುಡುಗರೊಂದಿಗೆ ಅಲ್ಲಿಗೆ ಹೋಗಿ ಮಾರನೆಯ ದಿನ ಪಾಠ ಮಾಡಲು ಗಂಟಲು ಇರಲಿಲ್ಲ!

ವಿಜ್ಞಾನದ ಮೇಷ್ಟ್ರಾಗಿ ನನ್ನನ್ನು ಕಾಡಿದ್ದು ಅವರ ಹೆಡರ್. ಎತ್ತರ ಐದಡಿ ಏಳಂಗುಲ. ಎದುರಿಗೆ ಆರಡಿಯ ರಕ್ಷಣಾ ಆಟಗಾರರು. ಆದರೂ ಚೆಂಡು ಇವರ ಹಣೆಗೇ ಸಿಗುವುದು ಹೇಗೆ? ಲೆಕ್ಕ ಹಾಕಿ. ಅರ್ಧ ಮೀಟರ್ ಎತ್ತರಕ್ಕೆ ಹಾರಿದವನು ಗಾಳಿಯಲ್ಲಿರುವುದು ಒಂದು ಸೆಕೆಂಡಿನ ಮೂರನೇ ಎರಡು ಭಾಗಕ್ಕೂ ತುಸು ಕಡಿಮೆ. ಆದರೆ ಆ ಅವಧಿಯಲ್ಲಿ ಸರಿಯಾಗಿ ಅರ್ಧವನ್ನು ಕಳೆಯುವುದು ಜಿಗಿತದ ಮೇಲಿನ ಕಾಲು ಭಾಗದಲ್ಲಿ, ಏಕೆಂದರೆ ತುದಿ ಹತ್ತಿರವಾದಂತೆ ವೇಗ ಇಳಿಯುತ್ತದೆ. ಅದಕ್ಕೇ ಒಳ್ಳೆಯ ಹೆಡರ್ ಆಟಗಾರ ಗಾಳಿಯಲ್ಲಿ ನೇತಾಡಿದಂತೆ ಕಾಣುತ್ತಾನೆ. ಕುಳ್ಳನಾದವನು ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸಿ ಒಂದು ಕ್ಷಣ ಮುಂಚೆ ಹಾರಿದರೆ, ಉದ್ದದವನು ಇನ್ನೂ ನೆಲ ಬಿಡುವಷ್ಟರಲ್ಲಿ ಇವನು ತುದಿಯಲ್ಲಿರುತ್ತಾನೆ. ಮೂವತ್ತೈದು ದಾಟಿದ ಮೇಲೆ ಓಟದ ವೇಗ ತಗ್ಗುವುದು ಸಹಜ. ಆದರೆ ಈ ಊಹೆ ತಗ್ಗಬೇಕಾಗಿಲ್ಲ. ಚೆಟ್ರಿಯ ಕೊನೆಯ ವರ್ಷಗಳ ಗೋಲುಗಳನ್ನು ನೋಡಿದರೆ ಓಡಿ ಹೊಡೆದವು ಕಡಿಮೆ, ಮೊದಲೇ ಹೋಗಿ ನಿಂತು ಹೊಡೆದವು ಹೆಚ್ಚು ಎಂದು ನನಗನ್ನಿಸುತ್ತದೆ.

2018ರ ಜೂನ್ 1ರಂದು ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಹ್ಯಾಟ್ರಿಕ್ ಹೊಡೆದರು. ನೋಡಲು ಜನರೇ ಇರಲಿಲ್ಲ. ಮಾರನೆಯ ದಿನ ವಿಡಿಯೊ ಮಾಡಿ, ಬೈಯುವುದಾದರೂ ಕ್ರೀಡಾಂಗಣಕ್ಕೇ ಬಂದು ಬೈಯಿರಿ ಎಂದು ಕೇಳಿಕೊಂಡರು. ಜೂನ್ 4ರಂದು ಕೆನ್ಯಾ ವಿರುದ್ಧ ತಮ್ಮ ನೂರನೆಯ ಪಂದ್ಯ ಆಡುವಾಗ ಕ್ರೀಡಾಂಗಣ ತುಂಬಿತ್ತು. ಎರಡು ಗೋಲು ಹೊಡೆದರು.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಡ್ರಾ, ಕಣ್ಣೀರು, ಅಂತರರಾಷ್ಟ್ರೀಯ ಆಟಕ್ಕೆ ವಿದಾಯ. ಲೆಕ್ಕ: 151 ಪಂದ್ಯ, 94 ಗೋಲು. ಅವರಿಗಿಂತ ಮುಂದಿದ್ದವರು ರೊನಾಲ್ಡೊ, ಮೆಸ್ಸಿ ಮತ್ತು ಇರಾನಿನ ಅಲಿ ದಾಯಿ ಮಾತ್ರ. ಇವುಗಳಲ್ಲಿ ಬಹಳಷ್ಟು ನೇಪಾಳ, ಮಾಲ್ಡೀವ್ಸ್‌ನಂತಹ ತಂಡಗಳ ಎದುರು ಬಂದವೆಂಬುದನ್ನೂ ಮಕ್ಕಳಿಗೆ ಹೇಳಬೇಕು. ಮೆಸ್ಸಿಯೊಂದಿಗೆ ತಮ್ಮನ್ನು ಹೋಲಿಸುವುದನ್ನು ಚೆಟ್ರಿಯೇ ಒಪ್ಪುವುದಿಲ್ಲ.

ನನಗೆ ಬೇಸರ ತಂದದ್ದು ಆಮೇಲಿನ ಸಂಗತಿ. 2024ರಲ್ಲಿ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಚೆಟ್ರಿ ಮಾತ್ರ ಅದೇ ಡಿಸೆಂಬರ್‌ನಲ್ಲಿ, ನಲವತ್ತು ತುಂಬಿ ನಾಲ್ಕು ತಿಂಗಳಾದ ಮೇಲೆ, ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಆ ಸಲದ ಐಎಸ್‌ಎಲ್‌ನಲ್ಲಿ 14 ಗೋಲು. ಭಾರತೀಯರಲ್ಲಿ ಅವರದೇ ಹೆಚ್ಚು. ಕೊನೆಗೆ ಅವರನ್ನೇ ಮತ್ತೆ ಕರೆದರು. 2025ರ ಮಾರ್ಚ್ 19ರಂದು ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೆಯ ಗೋಲು, ಅದೂ ತಲೆಯಿಂದಲೇ. ಭಾರತ ಗೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆದರೆ ಇಷ್ಟು ದೊಡ್ಡ ದೇಶಕ್ಕೆ ನಲವತ್ತರ ಒಬ್ಬ ಮನುಷ್ಯನನ್ನು ಬಿಟ್ಟರೆ ಗೋಲು ಹೊಡೆಯುವವರು ಗತಿಯಿಲ್ಲವೆಂದರೇನು? ಕ್ಲಬ್ಬುಗಳು ಮುಂದಿನ ಜಾಗಕ್ಕೆ ವಿದೇಶಿಯರನ್ನು ತರುತ್ತವೆ, ನಮ್ಮ ಹುಡುಗರು ಬದಿಗೆ ಸರಿಯುತ್ತಾರೆ ಎಂಬುದು ನಿಜ. ಅದಕ್ಕೂ ಮೊದಲಿನ ಒಂದು ಕಾರಣ ಮಾತ್ರ ನನ್ನಂತಹವರದು. ಬೀಗ ಹಾಕಿಸಿದ ಬೂಟುಗಳು ಎಷ್ಟೋ!

ಆ ಹುಡುಗ ಚೆಟ್ರಿ ಆಗುತ್ತಿದ್ದನೆಂದು ನಾನು ಹೇಳುತ್ತಿಲ್ಲ. ಬಹುಶಃ ತಾಲ್ಲೂಕು ಮಟ್ಟಕ್ಕೇ ನಿಲ್ಲುತ್ತಿದ್ದ. ನಾನು ಉಳಿಸಿಕೊಟ್ಟ ಆ ಸಂಜೆಗಳಲ್ಲಿ ಅವನ ಅಂಕವೇನೂ ಏರಲಿಲ್ಲ. ವಿಜ್ಞಾನಕ್ಕೆ ಕೊನೆಗೆ ಬಂದದ್ದು ನಲವತ್ತನಾಲ್ಕು.

ಮಾರನೆಯ ದಿನ ಅವರಿಗೆ ಫೋನ್ ಮಾಡಿದೆ. "ಕಳಿಸಿ. ಸೋಮವಾರ ಅವನೊಬ್ಬನಿಗೇ ಬೇರೆ ಪ್ರಶ್ನೆಪತ್ರಿಕೆ ಕೊಡ್ತೀನಿ. ಓದ್ಕೊಂಡೇ ಬರಬೇಕು, ಬಿಡೋದಿಲ್ಲ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಯಾವ ಜಾಗದಲ್ಲಿ ಆಡ್ತಾನೆ?" ಎಂದು ಕೇಳಿದೆ.

"ಫಾರ್ವರ್ಡೇ ಸಾರ್. ಆದ್ರೆ ಕುಳ್ಳ."

"ಬೂಟಿನ ಸೈಜ್ ನೋಡಿದ್ರಾ?"

"ನಿನ್ನೆ ಸಂಜೆನೇ ಹೊಸದು ತಂದೆ ಸಾರ್" ಎಂದರು.