ಮಂದೆ ಮಲಗಿದ ಹೊಲ

ಹಳೇ ಮೈಸೂರಿನ ಕಡೆ ಮಾಂಸ ತಿನ್ನುವ ಮನೆ ಎಂದರೆ ದಿನವೂ ಮಾಂಸ ಬೇಯುವ ಮನೆ ಎಂದು ತಿಳಿಯಬಾರದು. ಒಕ್ಕಲು ಮನೆಗಳಲ್ಲಿ ವಾರದ ಬಹುಪಾಲು ದಿನ ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು. ಚಳಿ ಬಿದ್ದರೆ ಹಿತಕಿದ ಅವರೆ. ಬಾಡಿನೆಸರು ಆಗುವುದು ವರ್ಷತೊಡಕಿಗೆ, ಮಾರಿಹಬ್ಬಕ್ಕೆ, ನೆಂಟರು ಬಂದಾಗ, ಈಚೆಗೆ ಭಾನುವಾರಕ್ಕೆ. ಹೀಗಿರುವಾಗ ಊಟದ ಚರ್ಚೆ ಎದ್ದಲ್ಲೆಲ್ಲ ಜನರನ್ನು ಎರಡು ಪಂಕ್ತಿ ಮಾಡಿ ಕೂರಿಸಿ, ಭೂಮಿ ಕೆಟ್ಟ ಪಾಪವನ್ನೆಲ್ಲ ಒಂದೇ ಪಂಕ್ತಿಯ ಎಲೆಗೆ ಬಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದೇಹಕ್ಕೂ ಭೂಮಿಗೂ ಒಗ್ಗುವ ಊಟ ಯಾವುದೆಂದು 2019ರಲ್ಲಿ ವರದಿ ಕೊಟ್ಟ ಈಟ್-ಲ್ಯಾನ್ಸೆಟ್ ಆಯೋಗ ಕುರಿ, ದನ, ಹಂದಿ ಎಲ್ಲ ಸೇರಿ ದಿನಕ್ಕೆ ಸುಮಾರು 14 ಗ್ರಾಂ ಮಾಂಸ ಸಾಕೆಂದಿತು. ವಾರಕ್ಕೆ ನೂರು ಗ್ರಾಂ ಆಯಿತು. ಹಬ್ಬಕ್ಕೆ ಮಾತ್ರ ಮರಿ ಕಡಿಯುವ ಮನೆಗಳು ಈ ಗಡಿಯ ಹತ್ತಿರಕ್ಕೂ ಹೋಗುವುದಿಲ್ಲ.

ಊಟದ ಮೇಲು ಕೀಳಿನ ಜಗಳ ನಮ್ಮಲ್ಲಿ ಹಳೆಯದು. ಕುರಿ ಕಾಯುವ ಕುಲದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ ಹೂಡಿಸಿದರು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಹೊರಗೆ ತಂದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿಯೇ ಇತ್ತು. ಇವತ್ತಿನ ವ್ಯಾಜ್ಯಕ್ಕೂ ಅಂಥದ್ದೇ ಪರೀಕ್ಷೆ ಬೇಕು. ಯಾವ ಊಟ ತನ್ನನ್ನು ಬೆಳೆದ ನೆಲವನ್ನು ಮುಂದಿನ ಬೆಳೆಗೆ ಉಳಿಸುತ್ತದೆ?

ಅದನ್ನು ನೋಡಬೇಕಾದರೆ ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯಲ್ಲಿ ಓಡಾಡಬೇಕು. ಬೆಳಗಾವಿ, ಬಾಗಲಕೋಟೆಯ ಕಡೆಯ ಕುರಿಗಾಹಿಗಳು ಹೆಗಲಿಗೆ ಕರಿಕಂಬಳಿ ಹಾಕಿಕೊಂಡು ಮಂದೆ ಹೊಡೆದುಕೊಂಡು ಬರುತ್ತಾರೆ. ಕುದುರೆಯ ಬೆನ್ನ ಮೇಲೆ ಪಾತ್ರೆ ಪಡಗ, ನಡೆಯಲಾರದ ಎಳೆಮರಿ. ರೈತ ಅವರನ್ನು ಕರೆದು, ಇಷ್ಟು ಕಾಳು ಇಲ್ಲವೇ ಇಷ್ಟು ದುಡ್ಡು ಎಂದು ಮಾತಾಡಿ, ತನ್ನ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾನೆ. ಹಗಲು ಕುರಿ ಮೇಯುವುದು ಜೋಳದ ಕೂಳೆ, ಬದುವಿನ ಹುಲ್ಲು, ಜಾಲಿಕಾಯಿ. ಮನುಷ್ಯ ತಿನ್ನುವಂಥದ್ದು ಯಾವುದೂ ಇಲ್ಲ. ರಾತ್ರಿ ಬಲೆಯ ಬೇಲಿಯೊಳಗೆ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ಬೆಳಿಗ್ಗೆ ಮಂದೆ ಎದ್ದು ಹೋದ ಜಾಗದಲ್ಲಿ ನೆಲ ಕಾಣದಷ್ಟು ಹಿಕ್ಕೆ; ಗಂಜಲ ಕುಡಿದ ಮಣ್ಣು ಕಪ್ಪಾಗಿ ಕಾಲಿಗೆ ಮೆತ್ತಗೆ ಸಿಗುತ್ತದೆ, ಘಾಟು ಮೂಗಿಗೆ ಅಡರುತ್ತದೆ. ಮರುರಾತ್ರಿ ಬೇಲಿ ಪಕ್ಕದ ತಾಕಿಗೆ ಸರಿಯುತ್ತದೆ. ಗೊಬ್ಬರ ಹೊರುವ ಗಾಡಿಯೂ ಬೇಡ, ಹರಡುವ ಕೂಲಿಯೂ ಬೇಡ. ಈ ಹೊಲದ ರೊಟ್ಟಿಯನ್ನು ಮಾಂಸ ಮುಟ್ಟದವರೂ ತಿನ್ನುತ್ತಾರೆ. ಅವರ ಊಟದಲ್ಲೂ ಕುರಿಯ ಪಾಲಿದೆ ಎಂದು ನಾನು ನಂಬಿದ್ದೇನೆ.

ಮೆಲುಕು ಹಾಕುವ ಪ್ರಾಣಿ ಮೀಥೇನ್ ಬಿಡುತ್ತದೆ, ಅದು ನಿಜ. ಮನುಷ್ಯರಿಂದಾಗುವ ಹಸಿರುಮನೆ ಅನಿಲಗಳಲ್ಲಿ ಶೇ 14.5ರಷ್ಟು ಜಾನುವಾರು ಸಾಕಣೆಯದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿತು. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅಮೆಜಾನ್ ಕಾಡು ಕಡಿದ ಜಾಗದಲ್ಲಿ ಮೇಯುವ ದನ, ಅಮೆರಿಕದ ದೊಡ್ಡಿಗಳಲ್ಲಿ ಮೆಕ್ಕೆಜೋಳ ತಿಂದು ಕೊಬ್ಬುವ ದನ, ನಮ್ಮ ಕೂಳೆ ಮೇಯುವ ಕುರಿ ಎಲ್ಲವೂ ಆ ಒಂದೇ ಅಂಕಿಯೊಳಗಿವೆ. ನೀರು ನಿಂತ ಭತ್ತದ ಗದ್ದೆಯಿಂದಲೂ ಮೀಥೇನ್ ಏಳುತ್ತದೆ; ಅನ್ನ ಉಣ್ಣುವವರನ್ನು ಯಾರೂ ತಪ್ಪಿತಸ್ಥರೆನ್ನುವುದಿಲ್ಲ.

ನನಗೆ ಭಯವಿರುವುದು ಮೆಕ್ಕೆಜೋಳದ್ದು. ದಾವಣಗೆರೆ, ಹಾವೇರಿಯ ಕಡೆ ಕಣ್ಣು ಹಾಯುವವರೆಗೂ ಅದೊಂದೇ ಬೆಳೆ. ಕೋಳಿ ಫಾರಂಗಳ ಮೇವು ಅದರಿಂದಲೇ ಆಗಬೇಕು, ಈಚೆಗೆ ಎಥೆನಾಲ್ ಕೂಡ. ರಾಗಿಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದ ಅಕ್ಕಡಿ ಸಾಲು ಈ ಬೇಸಾಯದಲ್ಲಿ ಇಲ್ಲ. ಆರು ವಾರದಲ್ಲಿ ತೂಕಕ್ಕೆ ಬರುವ ಕೋಳಿ ಅಗ್ಗವಾಯಿತು, ಮಣ್ಣು ಬಡವಾಯಿತು.

ಹಾಗೆಂದು ಶಾಲೆಯ ಮಗುವಿನ ತಟ್ಟೆಯಿಂದ ಮೊಟ್ಟೆ ಎತ್ತಿಕೊಳ್ಳಲು ಈ ವಾದವನ್ನು ಯಾರೂ ಬಳಸಬಾರದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನಂಥ ಜಿಲ್ಲೆಗಳಲ್ಲಿ 2021ರ ಕೊನೆಯಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಎಷ್ಟು ಗದ್ದಲವಾಯಿತು! ಒಲ್ಲದವರಿಗೆ ಬಾಳೆಹಣ್ಣು ಇದ್ದೇ ಇತ್ತು. ಹಸಿದ ಮಗುವಿಗೆ ಮೊಟ್ಟೆ ಸಿಗಲೇಬೇಕು. ಕೋಳಿಯನ್ನು ಸಾಕುವ ಬಗೆ ತಿದ್ದುವುದು ದೊಡ್ಡವರ ಕೆಲಸ.

ಮಂದೆಗೆ ಮೇಯಲು ಜಾಗ ಬೇಕು. ಗೋಮಾಳಗಳು ಒತ್ತುವರಿಯಾಗಿವೆ, ನಿವೇಶನವಾಗಿವೆ, ಕೆಲವೆಡೆ ನೀಲಗಿರಿ ತೋಪಾಗಿವೆ. ಮಾಂಸ ತಿನ್ನುವವರು ತಾವು ಕೊಳ್ಳುವ ಕುರಿ ಎಲ್ಲಿ ಮೇಯ್ದದ್ದೆಂದು ಕೇಳಿ ತಿಳಿಯಲಿ. ತಿನ್ನದವರು ತಾವು ಉಣ್ಣುವ ಜೋಳಕ್ಕೆ ಯಾವ ಗೊಬ್ಬರ ಬಿದ್ದಿದೆಯೆಂದು ಕೇಳಲಿ. ನಿಮ್ಮೂರಿನ ಗೋಮಾಳ ಇನ್ನೊಬ್ಬರ ಪಾಲಾಗುವ ಮಾತು ಬಂದರೆ ಗ್ರಾಮಸಭೆಗೆ ಹೋಗಿ, ಕುರಿಗಾಹಿಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.