ಚಕ್ಕುಬಂದಿಯೊಳಗಿನ ಅಜ್ಜ

ಇತಿಹಾಸಕಾರರು ಹಳೆಯ ಪತ್ರಿಕೆಯನ್ನು ದಪ್ಪಕ್ಷರದಿಂದ ಓದುತ್ತಾರೆ. ಮನೆತನದ ಬೆನ್ನು ಹತ್ತಿದ ನನ್ನಂಥವರು ಸಣ್ಣಕ್ಷರದಿಂದ ಶುರು ಮಾಡುತ್ತೇವೆ. ಮಹಾರಾಜರು, ದಿವಾನರು, ಯುರೋಪಿನ ಯುದ್ಧ, ಕಾಂಗ್ರೆಸ್ ಅಧಿವೇಶನ ಎಲ್ಲವೂ ದಪ್ಪಕ್ಷರದಲ್ಲಿ ಗತ್ತಾಗಿ ಕೂತಿರುತ್ತವೆ. ಕೋರ್ಟಿನ ಹರಾಜು, ಪರೀಕ್ಷೆಯ ಫಲಿತಾಂಶ, ಕೊಬ್ಬರಿ ಧಾರಣೆ, ಮನೆ ಬಿಟ್ಟು ಹೋದ ಹುಡುಗ, ‘ಇನ್ನು ಮುಂದೆ ನನ್ನ ತಮ್ಮನ ಸಾಲಕ್ಕೆ ನಾನು ಜವಾಬ್ದಾರನಲ್ಲ’ ಎಂಬ ಘೋಷಣೆ, ಇವೆಲ್ಲ ಪುಟದ ಮೂಲೆಯಲ್ಲಿ ಸವೆದ ಮೊಳೆಗಳಲ್ಲಿ ಒತ್ತಿಕೊಂಡಿರುತ್ತವೆ. ನಮ್ಮ ಅಜ್ಜ ಮುತ್ತಜ್ಜಂದಿರು ಪತ್ರಿಕೆಯಲ್ಲಿ ಎಲ್ಲಾದರೂ ಇದ್ದರೆ ಅಲ್ಲೇ ಇರಬೇಕು.

ಇದು ನಿವೃತ್ತಿಯ ಮೇಲೆ ಹತ್ತಿದ ಚಟ. ತಿಂಡಿ ಮುಗಿಸಿ ಭೂತಗನ್ನಡಿ, ಪೆನ್ಸಿಲ್ಲು, ಒಂದು ಹಳೇ ಪಂಚಾಂಗ ಚೀಲಕ್ಕೆ ಸೇರಿಸುವುದನ್ನು ಕಂಡರೆ ಹೆಂಡತಿ, ‘ಹೊರಟ್ರಾ, ಹೋದೋರ ಪೇಪರ್ ಓದೋಕೆ?’ ಎನ್ನುತ್ತಾಳೆ. ಪೆನ್ಸಿಲ್ಲು ಯಾಕೆಂದರೆ ಹಳೆಯ ಸಂಪುಟಗಳ ಹತ್ತಿರ ಪೆನ್ನು ಬಿಡುವುದಿಲ್ಲ. ಪಂಚಾಂಗದ ಕಥೆ ಸ್ವಲ್ಪ ಉದ್ದ.

ನಮ್ಮ ಮನೆಗಳ ನೆನಪಿಗೆ ಇಸವಿ ಗೊತ್ತಿಲ್ಲ, ಸಂವತ್ಸರ ಗೊತ್ತು. ನಮ್ಮಜ್ಜಿಯ ಬಾಯಲ್ಲಿ ಇದ್ದದ್ದು ವಿಳಂಬಿಯ ಪ್ಲೇಗು, ಕಾಳಯುಕ್ತಿಯ ಜ್ವರ, ರಕ್ತಾಕ್ಷಿಯ ನೆರೆ. ವಿಳಂಬಿ ಅಂದರೆ 1898, ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ವರ್ಷ. ಕಾಳಯುಕ್ತಿ 1918, ಇನ್‌ಫ್ಲುಯೆಂಜಾ. ರಕ್ತಾಕ್ಷಿ 1924, ಕಾವೇರಿ ಉಕ್ಕಿ ಹರಿದ ಜುಲೈ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ, ಆದ್ದರಿಂದ 1958ರದ್ದೂ ವಿಳಂಬಿಯೇ. ಯುಗಾದಿಗೆ ಮುಂಚಿನ ಮೂರು ತಿಂಗಳು ಹಿಂದಿನ ಸಂವತ್ಸರದ ಲೆಕ್ಕಕ್ಕೆ ಹೋಗುತ್ತವೆ. ಇಷ್ಟು ತಿಳಿದರೆ ವರ್ಷ ಕೈಗೆ ಸಿಕ್ಕಿತು. ದಿನ? ಅದನ್ನು ಪ್ರತಿ ಮನೆಯೂ ತಿಳಿಯದೆಯೇ ಕಾಪಾಡಿಕೊಂಡು ಬಂದಿರುತ್ತದೆ. ವರ್ಷ ವರ್ಷ ಶ್ರಾದ್ಧ ಮಾಡುವ ತಿಥಿ ಎಂದರೆ ಸಾವಿನ ದಿನವೇ ಅಲ್ಲವೆ? ನಮ್ಮ ಮುತ್ತಜ್ಜಿಯದು ದೀಪಾವಳಿಗೆ ಮುಂಚಿನ ದ್ವಾದಶಿ, ಕಾಳಯುಕ್ತಿ. ಪಂಚಾಂಗ ಹಿಡಿದು ಎಣಿಸಿದರೆ 1918ರ ಅಕ್ಟೋಬರ್ ಕೊನೆಗೆ ಬಂದು ನಿಲ್ಲುತ್ತದೆ. ಜ್ವರ ಊರೂರು ಗುಡಿಸುತ್ತಿದ್ದ ತಿಂಗಳು. ಆ ವಾರದ ಪತ್ರಿಕೆ ತೆಗೆದರೆ ಅವಳ ಹೆಸರೇನೂ ಸಿಗಲಿಲ್ಲ. ಸಿಕ್ಕಿದ್ದು ಔಷಧಿ ಹಂಚುವ ಏರ್ಪಾಡು, ಮುಚ್ಚಿದ ಶಾಲೆ, ಗಂಜಿ ಕೇಂದ್ರ. ಆದರೂ ಆ ಪುಟದ ಮುಂದೆ ಬಹಳ ಹೊತ್ತು ಕೂತಿದ್ದೆ.

ಸಂಪುಟಗಳ ವಿಷಯ ಹೇಳಬೇಕು. ಬೈಂಡು ಮಾಡಿದ ಒಂದು ವರ್ಷದ ಪತ್ರಿಕೆ ಎತ್ತಲು ಇಬ್ಬರು ಬೇಕು. ಹಳೆಯದಾದಷ್ಟೂ ಕಾಗದ ಕೆಟ್ಟಿರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಚಿಂದಿಬಟ್ಟೆಯ ನಾರಿನಿಂದ ಮಾಡಿದ ಹಿಂದಿನ ಕಾಗದ ಇನ್ನೂ ಗಟ್ಟಿ. ಮರದ ತಿರುಳಿನ ಅಗ್ಗದ ಕಾಗದ ಬಂದ ಮೇಲಿನವೇ ಹಳದಿಯಾಗಿ, ಮಡಿಕೆಯಲ್ಲಿ ಮುರಿದು ಬೀಳುವುದು. ಎರಡನೇ ಮಹಾಯುದ್ಧದ ಕಾಲದವಂತೂ ಹಪ್ಪಳ. ಆಗ ಕಾಗದಕ್ಕೇ ಬರ, ಪುಟಗಳೂ ಕಡಿಮೆ, ಅಕ್ಷರ ಇನ್ನೂ ಸಣ್ಣದು. ಪುಟವನ್ನು ಮೇಲಿನ ಮೂಲೆಯಿಂದ ಎರಡೂ ಕೈ ಕೊಟ್ಟು ತಿರುಗಿಸಬೇಕು, ಉಸಿರು ಬಿಗಿ ಹಿಡಿಯಬೇಕು, ಫ್ಯಾನಿನ ಕೆಳಗೆ ಕೂರಬಾರದು.

ಕನ್ನಡ ಪತ್ರಿಕೆಯ ಕಥೆ ಶುರುವಾಗುವುದು 1843ರ ಜುಲೈ 1ಕ್ಕೆ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ತೆಗೆದ ‘ಮಂಗಳೂರು ಸಮಾಚಾರ’ದಿಂದ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಆಮೇಲೆ ಬಂದವು ಎಷ್ಟೋ, ನಿಂತವೂ ಎಷ್ಟೋ. ಮೈಸೂರು ಸಂಸ್ಥಾನದಲ್ಲಿ 1908ರ ಪತ್ರಿಕಾ ಕಾನೂನು ಬಂದು ಕೆಲವು ಬಾಗಿಲು ಹಾಕಿದವು. ವಂಶ ಹುಡುಕುವವನಿಗೆ ಇದಕ್ಕಿಂತ ದೊಡ್ಡ ತಲೆನೋವು ನಾಡಿನ ಗಡಿ. ಅಜ್ಜ ಮಂಗಳೂರಿನವನಾದರೆ ಅವನ ಕಾಲದ ಕಾಗದಪತ್ರ ಮದರಾಸಿನ ಕಡೆ ಮುಖ ಮಾಡಿರುತ್ತದೆ, ಧಾರವಾಡದವನಾದರೆ ಮುಂಬಯಿಯ ಕಡೆ, ಕಲಬುರಗಿಯವನಾದರೆ ಹೈದರಾಬಾದಿನ ಉರ್ದು ಪತ್ರಿಕೆಗಳ ಕಡೆ. ನಮ್ಮದು ತಿಪಟೂರು, ಹಳೇ ಮೈಸೂರು. ಬೆಂಗಳೂರು ಮೈಸೂರುಗಳಲ್ಲೇ ಬಹುಪಾಲು ಕೆಲಸ ಮುಗಿಯುವುದು ನಮ್ಮ ಪುಣ್ಯ.

ಗೆಳೆಯರೊಬ್ಬರ ಮುತ್ತಾತ ಕೋಲಾರದ ಚಿನ್ನದ ಗಣಿಯಲ್ಲಿದ್ದವರು. ಅವರಿಗೆ ನನ್ನ ಹಾಗೆ ಧೂಳು ಕುಡಿಯುವ ಅಗತ್ಯವಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ‘ಟ್ರೋವ್’ ಎಂಬ ಜಾಲತಾಣದಲ್ಲಿ ತನ್ನ ಹಳೆಯ ಪತ್ರಿಕೆಗಳನ್ನು ಪುಕ್ಕಟೆ ತೆರೆದಿಟ್ಟಿದೆ. ಯಂತ್ರ ತಪ್ಪಾಗಿ ಓದಿದ ಅಕ್ಷರವನ್ನು ಓದುಗರೇ ತಿದ್ದಬಹುದು, ಸಾವಿರಾರು ಜನ ಕೂತು ತಿದ್ದುತ್ತಾರೆ. ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಕೆಲಸಗಾರರು ಬಂದಿದ್ದರು, ಅದೇ ಕಾರ್ನ್‌ವಾಲಿನವರು ಆಸ್ಟ್ರೇಲಿಯಾದ ಗಣಿಗಳಿಗೂ ಹೋಗಿದ್ದರಿಂದ ನಮ್ಮ ಚಾಂಪಿಯನ್ ರೀಫ್, ಉರಿಗಾಂಗಳ ಸುದ್ದಿ ಅಲ್ಲಿಯ ಪತ್ರಿಕೆಗಳಲ್ಲೂ ಬರುತ್ತಿತ್ತು. ಗೆಳೆಯರು ಮನೆಯಲ್ಲೇ ಕೂತು, ಹೆಸರು ಒತ್ತಿ, ಕಾಫಿ ಹೀರುತ್ತ ಹುಡುಕುತ್ತಾರೆ. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಸುರಂಗದ ಅಪಘಾತವಾದಾಗ ಅಲ್ಲಿ ಬಿಳಿಯ ಮೇಸ್ತ್ರಿಯ ಹೆಸರು, ಊರು, ಹೆಂಡತಿ ಮಕ್ಕಳ ವಿವರ ಎಲ್ಲ ಇರುತ್ತದೆ. ಅವನ ಪಕ್ಕದಲ್ಲೇ ಸತ್ತ ನಮ್ಮವರು ಬರೀ ಒಂದು ಸಂಖ್ಯೆ. ಆ ಸಂಖ್ಯೆಯೊಳಗೆ ಮುತ್ತಾತ ಇದ್ದಾರೋ ಇಲ್ಲವೋ ಎಂದು ಗೆಳೆಯರು ಈಗಲೂ ತಡಕಾಡುತ್ತಿದ್ದಾರೆ.

ಕನ್ನಡದಲ್ಲಿ ಹೆಸರು ಒತ್ತಿ ಹುಡುಕುವ ಸುಖ ನಮಗೆ ಇನ್ನೂ ಪೂರ್ತಿ ಒದಗಿಲ್ಲ. ಸವೆದ ಮೊಳೆ, ಮಸಿ ಕಟ್ಟಿದ ಒತ್ತಕ್ಷರ ಕಂಡರೆ ಯಂತ್ರ ತೊದಲುತ್ತದೆ. ಅದು ಓದಿತೆಂದೇ ಇಟ್ಟುಕೊಳ್ಳೋಣ, ನಂಜುಂಡಯ್ಯ ಎಂಬೊಬ್ಬರನ್ನು ಹುಡುಕಬೇಕು. ಅವರೇ ಒಮ್ಮೆ ನಂಜುಂಡಪ್ಪ, ಇನ್ನೊಮ್ಮೆ ಮಂಡಿ ನಂಜಪ್ಪ, ಕೋರ್ಟಿನಲ್ಲಿ ಇಂಥವರ ಮಗ ಇಂಥವನು. ಮನೆತನದ ಹೆಸರು ಎಂಬುದು ನಮ್ಮ ಕಡೆ ಇಲ್ಲ. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಅಷ್ಟೇ. ಹೆಂಗಸರ ಪಾಡು ಇನ್ನೂ ಕಷ್ಟ. ಅವರು ‘ಇಂಥವರ ಧರ್ಮಪತ್ನಿ’. ಶಾಲೆಯ ಬಹುಮಾನದ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರೇನೋ ಸಿಗುತ್ತದೆ, ಆದರೆ ಮದುವೆಯಲ್ಲಿ ಹೆಸರು ಬದಲಾಯಿಸಿದ ಮನೆಯಾದರೆ ಆ ಪಟ್ಟಿಯ ಯಾವ ಹುಡುಗಿ ನಮ್ಮಜ್ಜಿ ಎಂದು ಹೇಳುವವರು ಯಾರೂ ಉಳಿದಿಲ್ಲ.

ಹಾಗಾಗಿ ಪುಟ ತಿರುಗಿಸುವುದೇ ದಾರಿ, ಮತ್ತು ಆ ದಾರಿಯಲ್ಲೇ ರುಚಿ ಇರುವುದು. ಒಂದು ಹೆಸರಿಗಾಗಿ ಹೋದವನು ದಾರಿಯಲ್ಲಿ ಕೂದಲೆಣ್ಣೆಯ ಜಾಹೀರಾತು, ರೈಲು ವೇಳೆ, ಹರಿಕಥೆಯ ಪ್ರಕಟಣೆ ಎಲ್ಲ ಮುಗಿಸಿಯೇ ಹೋಗಬೇಕು. ನಮ್ಮಜ್ಜ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ಪ್ರಮೋದೂತ ಸಂವತ್ಸರದಿಂದ ಪ್ರಜೋತ್ಪತ್ತಿಯವರೆಗೆ, ಅಂದರೆ 1930ರಿಂದ 1932ರ ಯುಗಾದಿಯವರೆಗೆ, ಧಾರಣೆಯ ಅಂಕಣವನ್ನು ವಾರ ವಾರ ಓದುತ್ತಾ ಬಂದೆ. ಜಗತ್ತಿನ ಆರ್ಥಿಕ ಕುಸಿತ ನಮ್ಮೂರಿನ ಸಂತೆಗೂ ಬಂದಿತ್ತು. ಬೆಲೆ ಇಳಿಯುತ್ತದೆ, ಒಂದು ವಾರ ಚೂರು ಏರುತ್ತದೆ, ಮತ್ತೆ ಇಳಿಯುತ್ತದೆ. ಆ ಚೂರು ಏರಿದ ವಾರ ಅಜ್ಜ ಸಮಾಧಾನದ ಉಸಿರು ಬಿಟ್ಟಿರಬೇಕು, ಹಬ್ಬಕ್ಕೆ ಸೀರೆ ತಂದಿರಬೇಕು. ಮುಂದಿನ ವಾರದ ಪುಟ ನನ್ನ ಕೈಯಲ್ಲಿತ್ತು, ಅವರ ಕೈಯಲ್ಲಿರಲಿಲ್ಲ.

ಅಲ್ಲಿಂದ ಕೆಲವೇ ತಿಂಗಳಿಗೆ ಮುನ್ಸೀಫ್ ಕೋರ್ಟಿನ ಹರಾಜು ಪ್ರಕಟಣೆಗಳ ನಡುವೆ ಅವರ ಹೆಸರು ಸಿಕ್ಕಿತು. ವಾದಿ ಯಾರೋ ಸಾಹುಕಾರ, ಪ್ರತಿವಾದಿ ಅಜ್ಜ. ಡಿಕ್ರಿಯ ಬಾಕಿಗಾಗಿ ಮನೆ ಹರಾಜು. ಪೇಟೆ ಬೀದಿಯ ಮನೆಯನ್ನು ಅಜ್ಜ ಛತ್ರಕ್ಕೆ ದಾನ ಕೊಟ್ಟರು ಎಂದು ಮೂರು ತಲೆಮಾರು ಹೇಳಿಕೊಂಡು ಬಂದಿದ್ದೇವೆ. ಮದುವೆ ಮಾತುಕತೆಗಳಲ್ಲೂ ಈ ದಾನದ ಪ್ರಸ್ತಾಪ ಬಂದದ್ದುಂಟು.

ಫೋಟೋ ತೆಗೆಸಿಕೊಂಡು ಚಿಕ್ಕಪ್ಪನ ಹತ್ತಿರ ಹೋದೆ. ಅಜ್ಜನ ಕೊನೇ ಮಗ, ಹುಟ್ಟಿದ್ದು ಇದೆಲ್ಲ ಮುಗಿದ ಮೇಲೆ. ನೋಡಿದವರೇ, ‘ಅದು ನಮ್ಮಪ್ಪ ಅಲ್ಲ ಕಣೋ. ಆ ಹೆಸರಿನೋರು ತಿಪಟೂರಲ್ಲಿ ಸಿಕ್ಕಾಪಟ್ಟೆ ಜನ ಇದ್ರು’ ಎಂದರು. ವಾದ ಸರಿಯಾಗಿಯೇ ಇತ್ತು. ಆದರೆ ಹರಾಜಿನ ಪ್ರಕಟಣೆಗೆ ಹೆಸರೊಂದೇ ಸಾಲದು, ಸ್ವತ್ತಿನ ಚಕ್ಕುಬಂದಿ ಬೇಕು. ಇಂಥ ಪ್ರಕಟಣೆಯಲ್ಲಿ ಹೆಸರಿಗಿಂತ ನಂಬತಕ್ಕದ್ದು ಅದೇ. ಪೂರ್ವಕ್ಕೆ ಇನ್ನೊಬ್ಬರ ಮನೆಯ ಗೋಡೆ, ಪಶ್ಚಿಮಕ್ಕೆ ಸೇದೋ ಬಾವಿ ಮತ್ತು ಓಣಿ, ದಕ್ಷಿಣಕ್ಕೆ ಕಂಚುಗಾರರ ಹಿತ್ತಲು, ಉತ್ತರಕ್ಕೆ ಪೇಟೆ ಬೀದಿ. ಒಂದೊಂದಾಗಿ ಓದಿ ಹೇಳಿದೆ. ಬಾವಿಯ ಹತ್ತಿರ ಬಂದಾಗ ಚಿಕ್ಕಪ್ಪ ಕೈ ಎತ್ತಿ ನಿಲ್ಲಿಸಿದರು.

‘ಕಂಚುಗಾರರ ಹಿತ್ಲು ಮಗ್ಗುಲ ಬಾವಿ ತಾನೇ? ಅಮ್ಮ ನಮ್ಮನ್ನ ಆ ಬಾವಿಗೆ ಕಳಿಸ್ತಾನೇ ಇರ್ಲಿಲ್ಲ. ಹತ್ರ ಇದ್ರೂ ಬೇಡ ಅಂತ ಕೆರೆ ಕಡೆ ಬಾವಿಯಿಂದ ಹೊರಿಸೋಳು. ನೀರು ಉಪ್ಪು ಅನ್ನೋಳು. ನಾನು ಒಂದಿನ ಕದ್ದು ಕುಡಿದು ನೋಡಿದ್ದೆ, ಸಿಹಿಯಾಗೇ ಇತ್ತು.’

ಆಮೇಲೆ ಫೋಟೋವನ್ನು ತಾವೇ ಇಟ್ಟುಕೊಂಡು ಭೂತಗನ್ನಡಿ ಕೇಳಿದರು. ಅಜ್ಜನ ಸಾಲ ಬಿಟ್ಟು ಪಕ್ಕದ ಅಂಕಣ ಓದತೊಡಗಿದರು, ಯಾರ ಎಮ್ಮೆ ದೊಡ್ಡಿಗೆ ಹೋಯಿತು, ಯಾರು ಪರೀಕ್ಷೆ ಪಾಸಾದರು. ಕಾಫಿ ಬರುವಷ್ಟರಲ್ಲಿ ನನಗೆ ಕೆಲಸ ಹಚ್ಚಿಯಾಗಿತ್ತು. ಗುಬ್ಬಿ ವೀರಣ್ಣನವರ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆಯನ್ನೇ ತರುತ್ತಿದ್ದರಲ್ಲ, ಅದನ್ನು ಅಜ್ಜ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರೆಂದು ನಮ್ಮಪ್ಪ ಸಾಯೋವರೆಗೂ ಹೇಳುತ್ತಿದ್ದರಂತೆ. ಮನೆ ಹೋದ ಮೇಲೂ ನಾಟಕಕ್ಕೆ ಟಿಕೆಟ್ಟಿಗೆ ದುಡ್ಡು ಎಲ್ಲಿತ್ತು ಎನ್ನುವುದು ಚಿಕ್ಕಪ್ಪನ ಅನುಮಾನ. ‘ಯಾವೂರಲ್ಲಿ ಕ್ಯಾಂಪು, ಯಾವ ತಿಂಗಳು, ನೆಲದ ಟಿಕೆಟ್ ಎಷ್ಟು, ಅದನ್ನೂ ನೋಡ್ಕೊಂಡು ಬಾ. ನಾಟಕದ ಜಾಹೀರಾತು ಸಣ್ಣಕ್ಷರದಲ್ಲಿ ಇರಲ್ಲ ಬಿಡು, ಬೇಗ ಸಿಗುತ್ತೆ’ ಎಂದರು.